17 ಪೆಟ್ಟಿಗೆ, ಒಂದು ಪಟ್ಟಿ

ಬಾಡಿಗೆದಾರರ ಸಂಘದಲ್ಲಿ 11 ವರ್ಷ ಓಡಾಡಿದ ನಾನೇ ಬಾಡಿಗೆ ಕಟ್ಟಲಾಗದೆ ಊರು ಬಿಡಬೇಕಾಯಿತು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಮನೆ ಖಾಲಿ ಮಾಡಲು 2 ತಿಂಗಳ ಗಡುವು. ಬೇರೆ ನಗರದಲ್ಲಿ ಅನುವಾದದ ಅರೆಕಾಲಿಕ ಕೆಲಸ ಸಿಕ್ಕಿತ್ತು. ಮನೆಯಲ್ಲಿದ್ದದ್ದು 19 ರಟ್ಟಿನ ಪೆಟ್ಟಿಗೆ. ಬಟ್ಟೆ, ಪಾತ್ರೆ ಎರಡರಲ್ಲಿ ಮುಗಿದವು. ಉಳಿದ 17ರಲ್ಲಿ ಕರಪತ್ರ, ಸಭೆಯ ನಡಾವಳಿ, ಮನವಿಪತ್ರ, ಫೋಟೊ, ಕ್ಯಾಸೆಟ್ಟು.

ಬಾಡಿಗೆ ಹೋರಾಟಗಳ ಇತಿಹಾಸ ಬರೆಯುತ್ತಿದ್ದೆ. ಅದರ ಹುಚ್ಚು ಹಿಡಿಸಿದ್ದು 1915ರ ಗ್ಲಾಸ್ಗೋ, ಸ್ಕಾಟ್ಲೆಂಡಿನ ನಗರ. ಮೊದಲ ಮಹಾಯುದ್ಧದ ನಡುವೆ ಅಲ್ಲಿ ಮನೆ ಮಾಲೀಕರು ಬಾಡಿಗೆ ಏರಿಸಿದರು. ಮೇರಿ ಬಾರ್ಬರ್ ಮತ್ತು ಅವರ ಜೊತೆಗಿನ ಹೆಂಗಸರು ಏರಿಸಿದ್ದನ್ನು ಕೊಡುವುದಿಲ್ಲ ಎಂದು ಪಟ್ಟು ಹಿಡಿದರು. ‘ನಾವು ಜಾಗ ಬಿಡಲ್ಲ’ ಎನ್ನುವ ಅರ್ಥದ ಚೀಟಿಗಳು ಕಿಟಕಿಗಳಲ್ಲಿ ಕಾಣಿಸಿಕೊಂಡವು. ವರ್ಷದ ಕೊನೆಗೆ ಬ್ರಿಟನ್ನಿನ ಸಂಸತ್ತು ಬಾಡಿಗೆಯನ್ನು ಯುದ್ಧಕ್ಕೆ ಮುಂಚಿನ ಮಟ್ಟದಲ್ಲಿ ಹಿಡಿದಿಡುವ ಕಾನೂನು ತಂದಿತು. ಕಾನೂನಿನ ಪ್ರತಿ ಹೇಗೋ ಉಳಿಯುತ್ತದೆ. ಕಿಟಕಿಯ ಚೀಟಿ ಯಾರಾದರೂ ಎತ್ತಿಟ್ಟರೆ ಮಾತ್ರ ಉಳಿಯುತ್ತದೆ, ಅಲ್ವಾ? ನನ್ನ ಪೆಟ್ಟಿಗೆಗಳಲ್ಲಿ ಇದ್ದದ್ದು ಅಂಥ ಚೀಟಿಗಳೇ.

ಸಾಗಣೆಯವರು ಹೇಳಿದ ದುಡ್ಡು ಕೇಳಿ ಎಲ್ಲವನ್ನೂ ಒಯ್ಯುವ ಆಸೆ ಬಿಟ್ಟೆ. ಎಲ್ಲ ಸ್ಕ್ಯಾನ್ ಮಾಡಿಬಿಡೋಣ ಅನ್ನಿಸಿತು. ಕೂತು ಲೆಕ್ಕ ಹಾಕಿದೆ. ಪೆಟ್ಟಿಗೆಗೆ ಸುಮಾರು 2,000 ಹಾಳೆ, ಹಾಳೆಗೆ 20 ಸೆಕೆಂಡು. ಒಟ್ಟು ಹತ್ತಿರ ಹತ್ತಿರ 190 ಗಂಟೆ. ದಿನಕ್ಕೆ 3 ಗಂಟೆ ಕೂತರೆ 63 ದಿನ. ನನ್ನ ಬಳಿ ಇದ್ದದ್ದು 60. ಅದೂ ದುಡಿಮೆ ಬಿಟ್ಟು, ಸಂಘ ಬಿಟ್ಟು, ನಿದ್ದೆಯನ್ನೂ ಸ್ವಲ್ಪ ಬಿಟ್ಟು.

ಹಾಗಾಗಿ ಪಟ್ಟಿ ಬರೆಯಲು ಕೂತೆ. ಹಾಳೆ ಹಾಳೆಗೂ ಅಲ್ಲ, ಫೈಲಿಗೆ ಒಂದು ಸಾಲು. ಪೆಟ್ಟಿಗೆ ನಂಬರು, ಫೈಲು ನಂಬರು, ಯಾರಿಂದ ಬಂತು, ಯಾವ ವರ್ಷದಿಂದ ಯಾವ ವರ್ಷದವರೆಗೆ, ಒಳಗೆ ಏನಿದೆ, ಯಾರಿಗೆ ತೋರಿಸಬಹುದು. ಅರ್ಧ ದಿನಕ್ಕೆ ಒಂದು ಪೆಟ್ಟಿಗೆ ಮುಗಿಯುತ್ತಿತ್ತು.

ಮೊದಲ ಎರಡು ಪೆಟ್ಟಿಗೆಯಲ್ಲಿ ಎಡವಟ್ಟು ಮಾಡಿದೆ. ಅಚ್ಚುಕಟ್ಟಾಗಿರಲಿ ಎಂದು ಕರಪತ್ರಗಳನ್ನೆಲ್ಲ ಒಂದು ಕಡೆ, ಪತ್ರಗಳನ್ನೆಲ್ಲ ಒಂದು ಕಡೆ ಜೋಡಿಸಿದೆ. ಯಾವ ಕರಪತ್ರ ಯಾವ ಪತ್ರದ ಜೊತೆ ಬಂದಿತ್ತು ಎನ್ನುವ ಸುಳಿವು ಅಲ್ಲಿಗೆ ಹೋಯಿತು. ಕಾಗದ ಬಂದ ಕ್ರಮ ಕೆಡಿಸಬಾರದು, ಒಬ್ಬರದನ್ನು ಇನ್ನೊಬ್ಬರದರ ಜೊತೆ ಬೆರೆಸಬಾರದು. ಹಳೆಯ ದಾಖಲೆ ಕಾಪಾಡುವ ಪತ್ರಾಗಾರದವರು ಮೊದಲು ಹೇಳಿಕೊಡುವ ಪಾಠವೇ ಅದು. ಗೊತ್ತಿದ್ದೂ ಕೆಡಿಸಿದೆ. ಮೂರನೆಯದರಿಂದ ಇದ್ದಂತೆಯೇ ಬಿಟ್ಟೆ. ರಬ್ಬರ್ ಬ್ಯಾಂಡು, ತುಕ್ಕು ಹಿಡಿದ ಪಿನ್ನು ಮಾತ್ರ ತೆಗೆದು, ಒಂದೊಂದು ಕಟ್ಟನ್ನೂ ಮಡಚಿದ ಬಿಳಿ ಹಾಳೆಯೊಳಗೆ ಇಟ್ಟೆ. ಸ್ಕ್ಯಾನ್ ಮಾಡಿದ್ದು ಹಳೆಯ ಫ್ಯಾಕ್ಸು ಮತ್ತು ರಸೀದಿಗಳನ್ನು ಮಾತ್ರ. ಬಿಸಿಯಿಂದ ಅಕ್ಷರ ಮೂಡಿಸುವ ಆ ನುಣುಪು ಕಾಗದದ ಬರಹ ಬಿಸಿಲಿಗೆ, ಸೆಕೆಗೆ ತಾನಾಗಿಯೇ ಅಳಿಸಿಹೋಗುತ್ತದೆ. ಕೆಲವು ಆಗಲೇ ಬರೀ ಬಿಳಿ ಹಾಳೆಯಾಗಿದ್ದವು.

ನಿಜವಾಗಿ ಕಷ್ಟವಾದದ್ದು ಸಹಿ ಸಂಗ್ರಹದ ಫೈಲುಗಳು. ಸಂಶೋಧಕಿಯ ಕಣ್ಣಿಗೆ ಅದು ಚಿನ್ನ. ಯಾವ ಬೀದಿಯಲ್ಲಿ ಎಷ್ಟು ಮನೆ ನಮ್ಮ ಜೊತೆ ನಿಂತವು ಎಂದು ಬೇರೆಲ್ಲೂ ಸಿಗುವುದಿಲ್ಲ. ಆದರೆ ಆ ಹೆಸರಿನವರಲ್ಲಿ ಎಷ್ಟೋ ಜನ ಈಗಲೂ ಅದೇ ಮನೆಯಲ್ಲಿ, ಅದೇ ಮಾಲೀಕರ ಕೈಕೆಳಗೆ ಇದ್ದಾರೆ. ಯಾರು ಬಾಡಿಗೆ ಬಾಕಿ ಉಳಿಸಿಕೊಂಡಿದ್ದರು ಎಂಬುದೂ ಅದರಲ್ಲಿದೆ. ಅಂಥ ಫೈಲು ಬೇರೆಯವರ ಕೈಗೆ ಹೋದರೆ? ಕ್ಯಾಸೆಟ್ಟುಗಳದ್ದೂ ಅದೇ ಭಯ. ಅವುಗಳಲ್ಲಿ ತಮ್ಮ ಕಥೆ ಹೇಳಿದ್ದವರಿಗೆಲ್ಲ ಫೋನು ಮಾಡಿ ಮತ್ತೆ ಒಪ್ಪಿಗೆ ಕೇಳಿದೆ. ನಾಲ್ವರು ಬೇಡ ಅಂದರು. ಒಬ್ಬರು, ‘ಆವತ್ತು ಹೇಳಿದ್ದು ನಿನಗೆ ಕಣಮ್ಮ, ಊರಿಗಲ್ಲ’ ಅಂದರು. ಸಹಿ ಫೈಲು, ಆ ನಾಲ್ವರ ಕ್ಯಾಸೆಟ್ಟು ಎಲ್ಲವನ್ನೂ ಪಟ್ಟಿಯಲ್ಲಿ ‘ಮುಚ್ಚಿದ್ದು’ ಎಂದು ಬರೆದು ನನ್ನ ಜೊತೆಗೇ ಒಯ್ದೆ. ಒಟ್ಟು 3 ಪೆಟ್ಟಿಗೆ ಆಯಿತು. ಒಂದು ಪತ್ರಾಗಾರ 6 ಪೆಟ್ಟಿಗೆ ತೆಗೆದುಕೊಂಡಿತು. ದಾನವಾಗಿ ಅಲ್ಲ, ಮಾಲೀಕತ್ವ ಸಂಘದ್ದೇ ಎಂದು ಬರೆಸಿಕೊಂಡು ಇರಿಸಿದ್ದು. ಉಳಿದ 8 ಸಂಘದ ಗೆಳತಿಯ ಮನೆಗೆ ಹೋದವು.

ಸಂಘದ ಕೆಲಸ ಬಿಡುವುದು ಇದಕ್ಕಿಂತ ಕಷ್ಟ. ‘ಅಕ್ಕಾ, ನೀವು ಹೋದ್ರೆ ಫೋನು ಯಾರು ಎತ್ತೋದು?’ ಅಂತ ಹುಡುಗರು ಕೇಳಿದರು. ಆ ಪ್ರಶ್ನೆ ಹುಟ್ಟಿದ್ದೇ ನನ್ನ ತಪ್ಪು. 11 ವರ್ಷ ಬೇರೆ ಯಾರಿಗೂ ಎತ್ತಲು ಬಿಟ್ಟಿರಲಿಲ್ಲ. ಫೋನು ಒಬ್ಬಳಿಗೆ, ಲೆಕ್ಕಪತ್ರ ಒಬ್ಬನಿಗೆ, ವಕೀಲರ ಓಡಾಟ ಇನ್ನೊಬ್ಬನಿಗೆ ಕೊಟ್ಟೆ. ಹೊಸ ಊರಿನಲ್ಲಿ 6 ತಿಂಗಳು ಯಾವ ಗುಂಪಿಗೂ ಸೇರಲಿಲ್ಲ. ಭಾನುವಾರ ಒಂದು ಗಂಟೆ ಹಳೆಯವರ ಜೊತೆ ಫೋನು, ಅಷ್ಟೇ. ಮೆರವಣಿಗೆಯ ಸದ್ದು ಕೇಳಿದರೆ ಕಾಲು ತಾನಾಗಿ ಏಳುತ್ತಿತ್ತು.

ದುಡ್ಡಿನ ಕಥೆ ಚಿಕ್ಕದು, ಏಕೆಂದರೆ ದುಡ್ಡೇ ಇರಲಿಲ್ಲ. ಮಾಡಿಕೊಟ್ಟ ಕೆಲಸಕ್ಕೆ ಒಂದು ಸಂಸ್ಥೆ 5 ತಿಂಗಳು ಸತಾಯಿಸಿ ಕೊಟ್ಟಿತು. ಅಲ್ಲಿಯವರೆಗೆ ಅಕ್ಕನ ಹತ್ತಿರ ಸಾಲ. ಈಗ ಅರ್ಧ ಮುಂಗಡ ಬರದೆ ಕೆಲಸ ಮುಟ್ಟುವುದಿಲ್ಲ. ಪತ್ರಾಗಾರದಲ್ಲಿ ನಕಲು ಪ್ರತಿಗೆ ಖರ್ಚು ಜಾಸ್ತಿ. ಆದ್ದರಿಂದ ಅನುಮತಿ ಇದ್ದ ಕಡೆ ಫ್ಲ್ಯಾಶ್ ಆರಿಸಿ ಫೋನಿನಲ್ಲೇ ಫೋಟೊ ತೆಗೆದೆ. ಪ್ರತಿ ಫೈಲಿನ ಮೊದಲ ಫೋಟೊ ಅದರ ನಂಬರಿನ ಚೀಟಿಯದು. ಇದನ್ನು ತಪ್ಪಿಸಿದ ಒಂದು ದಿನದ 240 ಫೋಟೊ ಈಗಲೂ ಎಲ್ಲಿಯವೆಂದು ತಿಳಿಯದೆ ಸುಮ್ನೆ ಬಿದ್ದಿವೆ.

ಈಗ ಬರೆಯುವಾಗ ಏನಾದರೂ ಬೇಕಾದರೆ ಗೆಳತಿಗೆ ‘ಪೆಟ್ಟಿಗೆ 9, ಫೈಲು 4’ ಎಂದು ಸಂದೇಶ ಕಳಿಸುತ್ತೇನೆ. ಹತ್ತು ನಿಮಿಷದಲ್ಲಿ ಫೋಟೊ ಬರುತ್ತದೆ. ಅದರ ಕೆಳಗೆ ಯಾವಾಗಲೂ ಒಂದು ಸಾಲು: ‘ಮಗನಿಗೆ ಮಂಚ ಹಾಕಬೇಕು, ಪೆಟ್ಟಿಗೆ ಯಾವಾಗ ತಗೊಂಡು ಹೋಗ್ತೀಯಾ?’ ಮುಂದಿನ ತಿಂಗಳು ಅಂದಿದ್ದೇನೆ. ಕಳೆದ ತಿಂಗಳೂ ಹಾಗೇ ಅಂದಿದ್ದೆ.