ಕಂಟ್ರೋಲ್ ಪ್ಲೇಟಿನಲ್ಲಿ ನಾಚ್ ಎದ್ದು ಕೂತಾಗ

ನಾಚ್ ಅಂದರೆ ಕೋಶದ ಹೊರಪೊರೆಯಲ್ಲಿ ಕೂತು ಪಕ್ಕದ ಕೋಶದಿಂದ ಸಂದೇಶ ಪಡೆಯುವ ಒಂದು ಪ್ರೋಟೀನು. ಅದರ ಮೇಲೆ ನಾನು ಮಾಡಿದ ಮೊದಲ ಪ್ರಯೋಗ ಕೈಕೊಟ್ಟಿತು. ನಾಚ್‌ಗೆ ಅಂಟಿಕೊಂಡು ಅದನ್ನು ಎಬ್ಬಿಸುವ ಡೆಲ್ಟಾ ಎಂಬ ಪ್ರೋಟೀನನ್ನು (ಇಂಥದ್ದಕ್ಕೆ ಲಿಗ್ಯಾಂಡ್ ಅನ್ನುತ್ತೇವೆ) ಕೋಶಗಳನ್ನು ಬೆಳೆಸುವ ದ್ರವದಲ್ಲಿ ಬೆರೆಸಿ, ಜೀವಕೋಶಗಳ ಮೇಲೆ ಹಾಕಿ ಕಾದೆ. ಏನೂ ಆಗಲಿಲ್ಲ. ನಾಚ್‌ಗೆ ಸುಮ್ನೆ ಬಂದು ಅಂಟಿಕೊಂಡರೆ ಸಾಲದು, ಅದನ್ನು ಎಳೆಯಬೇಕು. ದೇಹದಲ್ಲಿ ಆ ಎಳೆತ ಪಕ್ಕದ ಕೋಶದಿಂದ ಬರುತ್ತದೆ. ಎಳೆದಾಗ ಹೊರಗಿನ ಮಡಿಕೆ ಬಿಚ್ಚಿಕೊಳ್ಳುತ್ತದೆ. ಆಮೇಲೆ ಕಿಣ್ವಗಳು ಒಂದರ ಹಿಂದೊಂದು ಕತ್ತರಿಸುತ್ತವೆ, ಕೊನೆಯದು ಗಾಮಾ ಸೀಕ್ರಿಟೇಸ್. ಬಿಡಿಸಿಕೊಂಡ ಒಳತುಂಡು ನ್ಯೂಕ್ಲಿಯಸ್‌ಗೆ ಹೋಗಿ ಜೀನ್‌ಗಳನ್ನು ಚಾಲೂ ಮಾಡುತ್ತದೆ.

ಹಾಗಾಗಿ ಲಿಗ್ಯಾಂಡನ್ನು ಪ್ಲೇಟಿನ ತಳಕ್ಕೆ ಅಂಟಿಸಿ, ಅದರ ಮೇಲೆ ಕೋಶಗಳನ್ನು ಬೆಳೆಸಿದೆ. ಈ ಸಲ ವೆಸ್ಟರ್ನ್ ಬ್ಲಾಟ್‌ನಲ್ಲಿ, ಅಂದರೆ ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ಬೇಕಾದದ್ದನ್ನು ಆಂಟಿಬಾಡಿಯಿಂದ ಗುರುತಿಸುವ ಪರೀಕ್ಷೆಯಲ್ಲಿ, ಸುಮಾರು 110 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಹತ್ತಿರ ಒಳತುಂಡಿನ ಗೆರೆ ಚೆನ್ನಾಗಿ ಬಂತು. ಆದರೆ ಹೋಲಿಕೆಗೆಂದು ಲಿಗ್ಯಾಂಡ್ ಇಲ್ಲದೆ ಇಟ್ಟಿದ್ದ ಕಂಟ್ರೋಲ್‌ ಪ್ಲೇಟಿನಲ್ಲೂ ಅದೇ ಗೆರೆ! ಎರಡು ವಾರ ಆಂಟಿಬಾಡಿಯನ್ನೇ ಅನುಮಾನಿಸಿದೆ.

ತಪ್ಪು ನನ್ನದೇ ಆಗಿತ್ತು. ಕೋಶಗಳನ್ನು ಪ್ಲೇಟಿನಿಂದ ಬಿಡಿಸಲು ಇಡಿಟಿಎ ಎಂಬ ರಾಸಾಯನಿಕ ಹಾಕುತ್ತಿದ್ದೆ. ಅದು ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತದೆ. ನಾಚ್‌ನ ಹೊರಭಾಗ ಒಳಭಾಗಕ್ಕೆ ಹಿಡಿದುಕೊಂಡಿರುವುದೇ ಕ್ಯಾಲ್ಸಿಯಂ ಆಸರೆಯಿಂದ. ಅದು ಹೋದರೆ ಹೊರಭಾಗ ಕಳಚಿ ಬೀಳುತ್ತದೆ, ಯಾರೂ ಎಳೆಯದಿದ್ದರೂ ಕತ್ತರಿ ಬೀಳುತ್ತದೆ. ಮುಂದಿನ ಸಲ ಪ್ಲೇಟನ್ನು ಐಸ್ ಮೇಲಿಟ್ಟು, ಇಡಿಟಿಎ ಮುಟ್ಟಿಸದೆ, ಕೋಶಗಳನ್ನು ಒಡೆಯುವ ದ್ರವ (ಲೈಸಿಸ್ ಬಫರ್) ಹಾಕಿ ಕೆರೆದು ತೆಗೆದೆ. ಕಂಟ್ರೋಲ್ ಗೆರೆ ಮಾಯವಾಯಿತು.

ಇದು ಬರೀ ಲ್ಯಾಬಿನ ಎಡವಟ್ಟಲ್ಲ, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ. ಟಿ-ಕೋಶದ ತೀವ್ರ ರಕ್ತ ಕ್ಯಾನ್ಸರಿನಲ್ಲಿ ಅರ್ಧಕ್ಕಿಂತ ಜಾಸ್ತಿ ರೋಗಿಗಳಲ್ಲಿ ನಾಚ್1 ಜೀನ್ ಬದಲಾಗಿರುತ್ತದೆ ಎಂದು 2004ರಲ್ಲಿ ಗೊತ್ತಾಯಿತು. ಅವುಗಳಲ್ಲಿ ಹಲವು ಬದಲಾವಣೆಗಳು ಇದೇ ಹಿಡಿತವನ್ನು ಸಡಿಲಿಸುತ್ತವೆ. ನನ್ನ ಪ್ಲೇಟಿನಲ್ಲಿ ಕೆಲವು ನಿಮಿಷ ಆದದ್ದು ಅಲ್ಲಿ ಹಗಲೂ ರಾತ್ರಿ ನಡೆಯುತ್ತದೆ.

ಹಾಗಂತ ನಾಚ್ ಕೆಟ್ಟದ್ದು ಅನ್ನುವಂತಿಲ್ಲ. ಹಣ್ಣಿನ ನೊಣದಲ್ಲಿ ಈ ಜೀನಿನ ಎರಡು ಪ್ರತಿಗಳಲ್ಲಿ ಒಂದು ಹೋದರೂ ರೆಕ್ಕೆಯಂಚಿನಲ್ಲಿ ಕಚ್ಚು (ಇಂಗ್ಲಿಷಿನಲ್ಲಿ ನಾಚ್) ಬೀಳುತ್ತದೆ, ಹೆಸರು ಬಂದದ್ದೇ ಅದರಿಂದ. ಚರ್ಮದಲ್ಲಂತೂ ಅದು ಗೆಡ್ಡೆಯನ್ನು ತಡೆಯುತ್ತದೆ. ಗಾಮಾ ಸೀಕ್ರಿಟೇಸ್ ತಡೆಯುವ ಔಷಧಿಗಳು ಕರುಳಿಗೆ ತೊಂದರೆ ಕೊಟ್ಟದ್ದೂ ಇದಕ್ಕೇ: ಅಲ್ಲಿನ ಕೋಶಗಳಿಗೂ ನಾಚ್ ಬೇಕಲ್ವಾ.

ಈಗ ಪ್ರತಿ ಬ್ಲಾಟಿನಲ್ಲೂ ಒಂದು ಲೇನ್‌ಗೆ (ಒಂದು ಮಾದರಿಯ ಸಾಲಿಗೆ) ಹೋಗುವ ಕೋಶಗಳಿಗೆ ಬೇಕೆಂದೇ ಇಡಿಟಿಎ ಹಾಕುತ್ತೇನೆ. ಅಲ್ಲಿ ಗೆರೆ ಬಂದರೆ ಆಂಟಿಬಾಡಿ ಸರಿಯಿದೆ ಎಂದು ಗೊತ್ತಾಗುತ್ತದೆ. ಆಮೇಲೆ ಉಳಿದ ಲೇನ್‌ಗಳನ್ನು ನೋಡುತ್ತೇನೆ.