ಆರ್ಮರ್ಡ್ ಕೇಬಲ್ ಬಳಸುವಾಗ ಅರ್ಥಿಂಗ್ ಮಾಡುವ ಬಗೆ

ಆರ್ಮರ್ಡ್ ಕೇಬಲ್‌ನ ಒಳತಂತಿಗಳ ಸುತ್ತ ಕವಚವಾಗಿರುವ ಉಕ್ಕಿನ ತಂತಿಗಳು ಏಟು ತಡೆಯಲು ಮಾತ್ರ ಇರುವುದಲ್ಲ. ನೆಲದಡಿಯ ಕೇಬಲ್‌ಗೆ ಹಾರೆಯ ಮೊನೆ ತಗುಲಿದಾಗ, ಅದು ಒಳಗಿನ ಫೇಸ್ ತಂತಿಯನ್ನು ಮುಟ್ಟುವ ಮೊದಲು ಅರ್ಥ್ ಆಗಿರುವ ಈ ಕವಚವನ್ನು ಹಾಯಲೇಬೇಕು; ಆಗ ಭಾರೀ ಕರೆಂಟ್ ಕವಚದ ಮೂಲಕ ಹರಿದು ಫ್ಯೂಸ್ ಹೋಗುತ್ತದೆ ಅಥವಾ ಎಂಸಿಬಿ (ಕರೆಂಟ್ ಮಿತಿ ಮೀರಿದಾಗ ತಾನೇ ಕಡಿಯುವ ಸ್ವಿಚ್) ಬೀಳುತ್ತದೆ. ಕವಚಕ್ಕೆ ಅರ್ಥ್ ಇಲ್ಲದಿದ್ದರೆ ಕೇಬಲ್‌ನ ಉದ್ದಕ್ಕೂ ಅದರಲ್ಲಿ ಕರೆಂಟ್ ನಿಂತಿರುತ್ತದೆ. ಆದ್ದರಿಂದ ಒಳಗೆ ಬೇರೆ ಅರ್ಥ್ ತಂತಿ ಇರಲಿ, ಇಲ್ಲದಿರಲಿ, ಕವಚವನ್ನು ಅರ್ಥ್ ಮಾಡಲೇಬೇಕು.

ಕವಚ ಒಂದೇ ಸಾಕೇ, ಅಥವಾ ಅರ್ಥ್‌ಗೆಂದು ಇನ್ನೊಂದು ಕೋರ್ (ಒಳಗಿನ ತಂತಿ) ಇರುವ ಕೇಬಲ್ ಕೊಳ್ಳಬೇಕೇ ಎಂಬುದನ್ನು ಲೆಕ್ಕ ಹಾಕಿಯೇ ತೀರ್ಮಾನಿಸಬೇಕು. ಉಕ್ಕಿನ ವಿದ್ಯುತ್ ರೋಧ ತಾಮ್ರದ ಸುಮಾರು 8 ಪಟ್ಟು. ದೋಷದ ಕರೆಂಟ್ (ಫೇಸ್ ಅರ್ಥ್‌ಗೆ ತಗುಲಿದಾಗ ಹರಿಯುವುದು) 1000 ಆಂಪಿಯರ್, ಅದು ಕಡಿತಗೊಳ್ಳಲು 0.4 ಸೆಕೆಂಡ್ ಎಂದಿಟ್ಟುಕೊಳ್ಳೋಣ. ಕರೆಂಟ್‌ನ ವರ್ಗವನ್ನು ಸಮಯದಿಂದ ಗುಣಿಸಿ ವರ್ಗಮೂಲ ತೆಗೆದರೆ 632 ಬರುತ್ತದೆ. ಎಕ್ಸ್‌ಎಲ್‌ಪಿಇ (ಒಂದು ಬಗೆಯ ಪ್ಲಾಸ್ಟಿಕ್ ಇನ್ಸುಲೇಶನ್) ಕೇಬಲ್‌ನ ಉಕ್ಕಿನ ಕವಚಕ್ಕೆ ಬಳಸುವ, ಎಷ್ಟು ಬಿಸಿ ತಾಳುತ್ತದೆಂದು ಹೇಳುವ ಗುಣಾಂಕ 46; ಭಾಗಿಸಿದರೆ ಸುಮಾರು 13.7 ಚದರ ಮಿಲಿಮೀಟರ್ ಉಕ್ಕು ಬೇಕೆಂದಾಯಿತು. ಅದೇ ಕೇಬಲ್‌ನೊಳಗಿನ ತಾಮ್ರದ ಕೋರ್‌ಗೆ ಗುಣಾಂಕ 143 ಆದುದರಿಂದ ಸುಮಾರು 4.4 ಚದರ ಮಿಲಿಮೀಟರ್ ಸಾಕು. ಕವಚದ ಒಟ್ಟು ಅಡ್ಡಕೊಯ್ತ ಎಷ್ಟೆಂಬುದನ್ನು ತಯಾರಕರ ಕೋಷ್ಟಕದಲ್ಲಿ ನೋಡಿ ಹೋಲಿಸಬೇಕು. ಲೆಕ್ಕಕ್ಕೆ ಕವಚ ಸಾಲುವ ಕಡೆಯಲ್ಲೂ ಒಂದು ಕೋರ್ ಹೆಚ್ಚಿರುವ ಕೇಬಲ್ಲೇ ನನಗೆ ಮೆಚ್ಚು, ಏಕೆಂದರೆ ಕವಚದ ಕೊನೆಯ ಜೋಡಣೆ ತುಕ್ಕು ಹಿಡಿಯಬಲ್ಲದು. ಕೋರ್ ಇದ್ದಾಗ ಎರಡನ್ನೂ ಅರ್ಥ್ ಬಾರ್‌ನಲ್ಲಿ (ಅರ್ಥ್ ತಂತಿಗಳೆಲ್ಲ ಸೇರುವ ಲೋಹದ ಪಟ್ಟಿ) ಒಟ್ಟಿಗೇ ಸೇರಿಸಬೇಕು. ಸಿಂಗಲ್ ಕೋರ್ ಎಸಿ ಕೇಬಲ್‌ಗೆ ಮಾತ್ರ ಉಕ್ಕಿನ ಕವಚ ಕೂಡದು. ಅದು ಕಾಂತೀಯವಾದುದರಿಂದ ಬಿಸಿಯೇರುತ್ತದೆ, ಅಲ್ಲಿ ಅಲ್ಯೂಮಿನಿಯಂ ಕವಚ ಇರಬೇಕು.

ಕೆಲಸ ಕೆಡುವುದು ಬಹುಪಾಲು ಗ್ಲ್ಯಾಂಡ್‌ನಲ್ಲಿ, ಅಂದರೆ ಕೇಬಲ್ ಪೆಟ್ಟಿಗೆಯೊಳಗೆ ಹೋಗುವಲ್ಲಿ ಕವಚವನ್ನು ಕಚ್ಚಿ ಹಿಡಿಯುವ ಲೋಹದ ಬಿಡಿಭಾಗದಲ್ಲಿ. ಮೊದಲು ಸಪ್ಲೈ ಕಡಿದು, ಯಾರೂ ಮತ್ತೆ ಹಾಕದಂತೆ ಬೀಗ ಹಾಕಿ, ಕರೆಂಟ್ ಇಲ್ಲವೆಂದು ಪರೀಕ್ಷಿಸಿಕೊಳ್ಳಬೇಕು. ಹೊರಗಿನ ಹೊದಿಕೆಯನ್ನು ಸುಲಿದ ಮೇಲೆ ಕವಚದ ತಂತಿಗಳನ್ನು ಹ್ಯಾಕ್ಸಾ ಬ್ಲೇಡಿನಿಂದ ಅರ್ಧ ಆಳದಷ್ಟು ಮಾತ್ರ ಕೊಯ್ದು, ಒಂದೊಂದನ್ನೇ ಹಿಂದೆ ಮುಂದೆ ಬಾಗಿಸಿ ಮುರಿಯಬೇಕು. ಪೂರ್ತಿ ಕೊಯ್ಯಲು ಹೋದರೆ ಬ್ಲೇಡು ಒಳಹೊದಿಕೆಗೆ ಇಳಿಯುತ್ತದೆ. ಉಳಿದ ತುಂಡುಗಳನ್ನು ಅರಳಿಸಿ, ಯಾವ ತಂತಿಯೂ ಇನ್ನೊಂದರ ಮೇಲೆ ಹತ್ತದಂತೆ ಗ್ಲ್ಯಾಂಡ್‌ನ ಕೋನಿನ ಸುತ್ತ ಕೂರಿಸಿ, ಎರಡು ಸ್ಪ್ಯಾನರ್ ಹಿಡಿದು ಬಿಗಿಯಬೇಕು. ಗ್ಲ್ಯಾಂಡಿನ ಅಳತೆ ಕೇಬಲ್‌ಗೆ ಹೊಂದದಿದ್ದರೆ ಎಷ್ಟು ಬಿಗಿದರೂ ತಂತಿಗಳು ಕಚ್ಚಿ ನಿಲ್ಲುವುದಿಲ್ಲ.

ಗ್ಲ್ಯಾಂಡ್ ಪೆಟ್ಟಿಗೆಯ ಲೋಹವನ್ನು ಮುಟ್ಟಿದೆ ಎಂಬ ಒಂದೇ ಕಾರಣಕ್ಕೆ ಅರ್ಥ್ ಆಯಿತೆಂದು ನಂಬಬಾರದು, ನಡುವೆ ಪೆಯಿಂಟ್ ಇರುತ್ತದೆ. ಹೊಸ ಪೆಟ್ಟಿಗೆಯ ಪೆಯಿಂಟ್ ಕೆರೆಯಲು ಮನಸ್ಸಾಗದವರನ್ನು ಕಂಡಿದ್ದೇನೆ. ಆದರೆ ಅರ್ಥ್ ಟ್ಯಾಗ್ (ಗ್ಲ್ಯಾಂಡ್‌ಗೆ ಹಾಕುವ ತೂತಿರುವ ಲೋಹದ ಬಿಲ್ಲೆ) ಕೂರುವ ಜಾಗವನ್ನು ಲೋಹ ಹೊಳೆಯುವವರೆಗೆ ಕೆರೆಯುವುದೇ ಸರಿ. ಟ್ಯಾಗ್‌ನ ತೂತಿಗೆ ಬೋಲ್ಟ್ ಹಾಕಿ, ಅಲ್ಲಿಂದ ತುದಿಗೆ ಲಗ್ (ಬೋಲ್ಟ್‌ಗೆ ಕೂರುವ ಲೋಹದ ಕೊಂಡಿ) ಒತ್ತಿದ ತಾಮ್ರದ ತಂತಿಯನ್ನು ನೇರವಾಗಿ ಅರ್ಥ್ ಬಾರ್‌ಗೆ ಒಯ್ಯಬೇಕು. ಪೆಟ್ಟಿಗೆ ಪ್ಲಾಸ್ಟಿಕ್‌ನದಾದರೆ ಈ ತಂತಿಯ ಹೊರತು ಬೇರೆ ದಾರಿಯೇ ಇಲ್ಲ. ನಡುದಾರಿಯಲ್ಲಿ ಕೇಬಲ್‌ಗೆ ಜಾಯಿಂಟ್ ಬಂದರೆ, ಕೋರ್‌ಗಳಂತೆಯೇ ಎರಡು ಕಡೆಯ ಕವಚವನ್ನೂ ಕ್ಲ್ಯಾಂಪ್ ಹಾಕಿ ಬೆಸೆಯಬೇಕು.

ದೂರದ ಕಟ್ಟಡದ ಬಳಿ ಒಂದು ಅರ್ಥ್ ರಾಡ್ ನೆಟ್ಟರೆ ಕವಚದ ಗೊಡವೆಯೇ ಬೇಡ ಎಂಬ ತಿಳಿವಳಿಕೆ ತಪ್ಪು. ರಾಡ್‌ನ ರೋಧ 20 ಓಮ್ ಇದ್ದರೆ 230 ವೋಲ್ಟ್‌ಗೆ ಹರಿಯುವುದು ಹೆಚ್ಚೆಂದರೆ 11.5 ಆಂಪಿಯರ್, 32 ಆಂಪಿಯರ್‌ನ ಎಂಸಿಬಿ ಅಲುಗುವುದೂ ಇಲ್ಲ, ಯಂತ್ರದ ಮೈಯಲ್ಲಿ ಕರೆಂಟ್ ಹಾಗೆಯೇ ಉಳಿಯುತ್ತದೆ. ಅದೇ ಎಂಸಿಬಿ ಸಿ ಮಾದರಿಯದಾದರೆ ತಕ್ಷಣ ಬೀಳಲು 320 ಆಂಪಿಯರ್ ಬೇಕು, ಅಂದರೆ ದೋಷದ ಕರೆಂಟ್ ಸುತ್ತಿ ಬರುವ ಇಡೀ ದಾರಿಯ ರೋಧ 0.72 ಓಮ್ ಮೀರಬಾರದು. ರಾಡನ್ನೇ ನೆಚ್ಚಬೇಕಾದ ಕಡೆ ಆರ್‌ಸಿಡಿ (ಅರ್ಥ್‌ಗೆ ಸ್ವಲ್ಪ ಕರೆಂಟ್ ಸೋರಿದರೂ ಸಪ್ಲೈ ಕಡಿಯುವ ಸಾಧನ) ಹಾಕಲೇಬೇಕು. ಆಗ ಕವಚವನ್ನು ಸಪ್ಲೈ ಬರುವ ತುದಿಯಲ್ಲಿ ಮಾತ್ರ ಅರ್ಥ್ ಮಾಡಿ, ದೂರದ ತುದಿಯಲ್ಲಿ ಅದು ರಾಡ್‌ಗಾಗಲಿ ಅಲ್ಲಿನ ಲೋಹಕ್ಕಾಗಲಿ ತಾಗದಂತೆ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಮುಗಿಸಬೇಕು. ನ್ಯೂಟ್ರಲ್ ತಂತಿಯನ್ನು ಕವಚಕ್ಕೆ ಸೇರಿಸಿ ಅರ್ಥ್ ಎಂದು ಕರೆಯುವುದಂತೂ ಸಲ್ಲದು. ನ್ಯೂಟ್ರಲ್ ಕಡಿದ ದಿನ ಕೇಬಲ್‌ನ ಮೈಯೆಲ್ಲ ಲೈವ್ ಆಗುತ್ತದೆ.

ಸಪ್ಲೈ ಕೊಡುವ ಮುನ್ನ 500 ವೋಲ್ಟ್ ಡಿಸಿ ಮೆಗ್ಗರ್‌ನಿಂದ ಕೋರ್‌ಗಳ ನಡುವೆಯೂ ಕೋರ್ ಮತ್ತು ಕವಚದ ನಡುವೆಯೂ ಇನ್ಸುಲೇಶನ್ ನೋಡಬೇಕು. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಮುಂದುವರಿಯಬಾರದು. ಕವಚದ ಕಂಟಿನ್ಯುಟಿ (ತುದಿಯಿಂದ ತುದಿಗೆ ದಾರಿ ಕಡಿಯದಿರುವುದು) ಅಳೆಯುವಾಗ ಅರ್ಥ್ ಕೋರನ್ನು ಎರಡೂ ತುದಿಗಳಲ್ಲಿ ಕಳಚಿಡಬೇಕು, ಇಲ್ಲವಾದರೆ ಮೀಟರ್ ತಾಮ್ರದ ದಾರಿಯನ್ನೇ ಅಳೆದು, ಸಡಿಲ ಗ್ಲ್ಯಾಂಡನ್ನು ಮರೆಮಾಚಿ ಒಳ್ಳೆಯ ಅಂಕಿ ತೋರಿಸುತ್ತದೆ. ಅಳೆಯುತ್ತಿರುವಾಗ ಇನ್ನೊಬ್ಬರು ಗ್ಲ್ಯಾಂಡ್ ಬಳಿ ಕೇಬಲ್ಲನ್ನು ಮೆಲ್ಲಗೆ ಅಲುಗಿಸಲಿ. ಅಂಕಿ ಕುಣಿದರೆ ಗ್ಲ್ಯಾಂಡನ್ನು ಬಿಚ್ಚಿ ಮತ್ತೆ ಕೂರಿಸಬೇಕು. ಕಳಚಿಟ್ಟ ಕೋರನ್ನು ಮರಳಿ ಬಿಗಿದ ಮೇಲೆಯೇ ಬೀಗ ತೆಗೆಯಬೇಕು.