ಯಾವುದು ಸಿಗರೇಟಿನ ಬೇಸರ, ಯಾವುದು ನನ್ನದು

ತೀರ್ಥಹಳ್ಳಿ ಹತ್ತಿರ ನಮ್ಮ ಅಡಿಕೆ ತೋಟ. 16 ವರ್ಷ ಸಿಗರೇಟು ಸೇದಿದೆ. ದಿನಕ್ಕೆ 12, ಮಳೆಗಾಲದಲ್ಲಿ 20. ತೋಟಕ್ಕೆ ಕೊಳೆರೋಗ ಬಿದ್ದು, ಔಷಧಿ ಹೊಡೆಯೋಕೆ ಒಂದು ದಿನ ಮಳೆ ಹೊಳವಾಗದೆ ಜಗಲಿಯಲ್ಲಿ ಕೂತರೆ ಮನಸ್ಸು ಕುಸಿಯುತ್ತಿತ್ತು. ಒಂದು ಹಚ್ಚಿದರೆ ಹಗುರ. ಇದೇ ಮದ್ದು ಅಂತ ನಂಬಿದ್ದೆ.

ಮನೋವೈದ್ಯರು ಒಂದು ಕೆಲಸ ಕೊಟ್ಟರು. ಹಚ್ಚುವ ಮೊದಲು ಹೊತ್ತು ಬರೆಯಬೇಕು, ಮನಸ್ಸಿಗೆ 10ಕ್ಕೆ ಎಷ್ಟು ಅಂಕ ಅಂತ ಬರೆಯಬೇಕು. ಸೇದಿದ ಮೇಲೆ ಮತ್ತೆ. ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ 2 ವಾರ ಬರೆದೆ. ಸೇದಿದ ಕೂಡಲೇ 6. ಒಂದೂವರೆ, ಎರಡು ಗಂಟೆ ಕಳೆದರೆ 3. ಮಳೆ ಸುರಿದ ದಿನವೂ ಅಷ್ಟೇ, ಬಿಸಿಲು ಬಂದ ದಿನವೂ ಅಷ್ಟೇ. ಸಿಗರೇಟಿನಲ್ಲಿ ಚಟ ಹಿಡಿಸುವುದು ನಿಕೋಟಿನ್. ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯೋಕೆ ಬೇಕಾಗುವುದು ಸುಮಾರು 2 ಗಂಟೆ. ಆ ಇಳಿತದ ಚಡಪಡಿಕೆಯನ್ನೇ ನಾನು ದುಃಖ ಅಂದುಕೊಂಡಿದ್ದೆ!

ಹಿಂದೊಮ್ಮೆ ಆಷಾಢದಲ್ಲಿ ಬಿಡಲು ಹೋಗಿ ನಾಲ್ಕೇ ದಿನಕ್ಕೆ ಸೋತಿದ್ದೆ. ಈ ಸಲ ಕೊಯ್ಲಿನ ತನಕ ಕಾದೆ. ಆಗ ಅಡಿಕೆ ಸುಲಿಯುವವರು ರಾತ್ರಿವರೆಗೂ ಅಂಗಳದಲ್ಲಿರುತ್ತಾರೆ. ಮಾತಿಗೆ ಜನ, ಕೈಗೆ ಕೆಲಸ.

ನಿಕೋಟಿನ್ ಗಮ್ ಕೊಟ್ಟಿದ್ದರು. ಮೊದಲ ದಿನ ಎಲೆಅಡಿಕೆ ಥರ ಜಗಿದು ರಸ ನುಂಗಿದೆ. ಬಿಕ್ಕಳಿಕೆ, ಎದೆಯುರಿ. ಹಾಗಲ್ಲ ಅದು. ನಿಧಾನ ಜಗಿದು, ಬಾಯಿ ಚುರುಗುಟ್ಟಿದಾಗ ಕೆನ್ನೆಗೂ ವಸಡಿಗೂ ನಡುವೆ ಒತ್ತಿಡಬೇಕು. ಚುರುಕು ಇಳಿದ ಮೇಲೆ ಮತ್ತೆ ಜಗಿಯಬೇಕು. ಕಾಫಿ ಕುಡಿದ ಮೇಲೆ ಕಾಲು ಗಂಟೆ ಬಿಡಬೇಕು, ಇಲ್ಲದಿದ್ದರೆ ನಿಕೋಟಿನ್ ಸರಿಯಾಗಿ ಮೈಗೆ ಹತ್ತುವುದಿಲ್ಲ.

ಮೊದಲ ವಾರ ಎಲ್ಲರ ಮೇಲೂ ರೇಗಿದೆ. ‘ಕೊಯ್ಲು ಮುಗಿಯೋ ತನಕ ನಿಮ್ಮ ಯಾವ ಮಾತಿಗೂ ನಾನು ಉತ್ತರ ಕೊಡಲ್ಲ’ ಅಂದಳು ಹೆಂಡತಿ. ಅವಳ ಆ ತಾಳ್ಮೆ ಇಲ್ಲದಿದ್ದರೆ ಆಗುತ್ತಿರಲಿಲ್ಲ.

ನಾಲ್ಕನೇ ವಾರಕ್ಕೆ ಹಗಲಿನ ಏರಿಳಿತ ಹೋಯಿತು. ಆದರೆ ಬೆಳಗಿನ ಜಾವ ನಾಲ್ಕಕ್ಕೇ ಎಚ್ಚರ, ಊಟ ಸೇರದು, ತೋಟ ಬೇಡ. ಇದು ಹೋಗಲಿಲ್ಲ. ಇದು ಖಿನ್ನತೆ ಅಂದರು ಡಾಕ್ಟರು. ಇಷ್ಟು ವರ್ಷ ಎರಡೂ ಕಲಸಿಹೋಗಿದ್ದವು. ಮಾತ್ರೆ ಶುರುವಾಯಿತು.

ಖಿನ್ನತೆ ಇದ್ದವರು ಸಿಗರೇಟು ಬಿಟ್ಟರೆ ಇನ್ನೂ ಕುಸಿಯುತ್ತಾರೆ ಅಂತ ನೆಂಟರು ಹೆದರಿಸಿದರು. ಆ ಮಾತು ಸರಿಯಲ್ಲ. 2014ರಲ್ಲಿ ಬಿಎಂಜೆ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ 26 ಅಧ್ಯಯನಗಳನ್ನು ಒಟ್ಟಿಗೆ ನೋಡಿದ ವರದಿ ಬಂತು. ಸೇದುತ್ತಲೇ ಇದ್ದವರಿಗಿಂತ ಬಿಟ್ಟವರಲ್ಲಿ ಖಿನ್ನತೆ, ಆತಂಕ ಜಾಸ್ತಿ ಇಳಿದಿತ್ತು. ಮಾನಸಿಕ ಕಾಯಿಲೆ ಇದ್ದವರಲ್ಲೂ ಹಾಗೇ. ಆದರೆ ಡಾಕ್ಟರ ಕಣ್ಗಾವಲಿನಲ್ಲಿ ಬಿಡಿ. ರಾತ್ರಿ ತೀರಾ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಕನ್ನಡದಲ್ಲೇ ಮಾತಾಡಬಹುದು.

ಈ ಆಷಾಢದಲ್ಲಿ ಮಳೆ ಹಿಡಿದಾಗ ಪುಸ್ತಕದಲ್ಲಿ ಮತ್ತೆ 3 ಬಂತು. ಮೂರು ದಿನ ನೋಡಿ ಡಾಕ್ಟರಿಗೆ ಫೋನ್ ಮಾಡಿದೆ.